ಗುಳ್ಳೆ ಇರಬಾರದು

ಬಾಟಲಿ ತುಂಬಿಸುವುದಕ್ಕೂ ಒಂದು ಕ್ರಮ ಇದೆ:
ನಲ್ಲಿ ಬಿಟ್ಟು ಹತ್ತು ನಿಮಿಷ ಸುಮ್ಮನೆ ನಿಲ್ಲು,
ಬಾಲ್ದಿಯ ನೀರಿನೊಳಗೇ ಬಾಟಲಿ ಮುಳುಗಿಸು,
ಅಲ್ಲೇ ಅಡಿಯಲ್ಲೇ ಮುಚ್ಚಳ ತಿರುಗಿಸು,
ಬುಡಮೇಲು ಮಾಡಿ ಬಿಸಿಲಿಗೆ ಹಿಡಿ.
ಸಾಸಿವೆಯಷ್ಟು ಗುಳ್ಳೆ ಕಂಡರೂ
ಚೆಲ್ಲಿ ಮತ್ತೆ ಮೊದಲಿಂದ.
ನೀರು ಬಿಟ್ಟು ಗುಳ್ಳೆಯಲ್ಲಿ ಹೋಗಿ ಕೂರುತ್ತದೆ ರೇಡಾನು;
ಮುಚ್ಚಳ ತೆರೆದದ್ದೇ ತಡ, ಹೊರಟೇಹೋಗುತ್ತದೆ.

ಆಮೇಲೆ ಗಂಟೆ ಬರಿ, ನಿಮಿಷ ಬರಿ.
ನಾಲ್ಕು ದಿನ ತುಂಬುವ ಮೊದಲೇ ಅರ್ಧ ಇಲ್ಲವಾಗುವ ವಸ್ತು;
ತಡಮಾಡಿದವನ ಲೆಕ್ಕದಲ್ಲಿ
ಎಲ್ಲ ನೀರೂ ಒಳ್ಳೆಯ ನೀರೇ.

ಹುಫೂಫ್ ಪೇಟೆ ದಾಟಿ, ಖರ್ಜೂರದ ತೋಟ ಮುಗಿದು,
ರಸ್ತೆ ಮರಳಿನೊಳಗೆ ಕಾಲು ಚಾಚುವಲ್ಲಿ
ಏಳನೇ ನಂಬರಿನ ಬೋರು.
ನಮ್ಮ ಕ್ಯಾಂಪಿಗೂ, ಆಚೆ ಬದಿಯ ಎರಡು ಗಲ್ಲಿಗೂ,
ಕಿಟಕಿ ತೆರೆಯದ ಒಂದು ಎಸಿ ಶಾಲೆಗೂ
ಇದೇ ನೀರು. ಕೈಯೊಡ್ಡಿದರೆ ಬೆಚ್ಚಗೆ.
"ಜ್ವರ ಬಂದಿದೆ ಇದಕ್ಕೆ" ಅನ್ನುತ್ತಾನೆ ಡ್ರೈವರ್ ಝರ್ವಾಲಿ,
ಪೈಪಿಗೆ ಕಿವಿಯಿಟ್ಟು.
ಸಾವಿರಾರು ವರ್ಷ ಕಲ್ಲಿನ ಮಗ್ಗುಲಲ್ಲಿ ಮಲಗಿದ್ದ ನೀರಂತೆ,
ಆಗ ಇಲ್ಲೂ ಮಳೆ ಹೊಯ್ಯುತ್ತಿತ್ತಂತೆ.
ಜೊತೆಗೆ ಮಲಗಿದವರದು ಅಂಟದೆ ಇದ್ದೀತೇ?

ನಮ್ಮಜ್ಜ ಬಾವಿ ತೋಡುವವನು, ವಿಟ್ಲದ ಕಡೆ.
ಹಳೇ ಬಾವಿಗೆ ಇಳಿಯುವ ಮುಂಚೆ
ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುತ್ತಿದ್ದ.
ದೀಪ ಕೆಟ್ಟರೆ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿ
"ಇವತ್ತು ಬೇಡ, ಕೆಳಗೆ ಯಾರೋ ಇದ್ದಾರೆ" ಅನ್ನುತ್ತಿದ್ದ.
ಇದಕ್ಕೆ ದೀಪ ಕೆಡುವುದಿಲ್ಲ ಅಜ್ಜಾ.
ಬಣ್ಣ ಇಲ್ಲ, ರುಚಿ ಇಲ್ಲ, ಕೆಮ್ಮೂ ಇಲ್ಲ.
ಇಪ್ಪತ್ತು ವರ್ಷ ಕಳೆದು
ಊರಿಗೆ ಮರಳಿದವನ ಎದೆಯ ಎಕ್ಸ್‌ರೇ ನೋಡಿ
ಯಾವ ನೀರಿನ ಋಣ ಇದು ಎಂದು
ಕೇಳುವವರು ಯಾರು?

ಯಂತ್ರ ರಾತ್ರಿಯಿಡೀ ಎಣಿಸಿತು.
ಬೆಳಗ್ಗೆ ಕನ್ನಡಕ ಒರೆಸಿಕೊಂಡು ಎರಡನೇ ಸಲ ಓದಿದೆ.
ಮುದೀರ್ ಸಹಿ ಹಾಕಿದರು, ಫೈಲು ಮೇಲೆ ಹೋಯಿತು.
ಬುಕ್ರಾ ಅಂದರು. ನಾಳೆ.
ನಾಳೆಗೂ ಅರ್ಧಾಯುಷ್ಯ ಉಂಟೋ ಏನೋ:
ಅರ್ಧ, ಅರ್ಧದ ಅರ್ಧ,
ಪೂರ್ತಿ ಮುಗಿಯುವುದೇ ಇಲ್ಲ.

ಉಪಾಯ ದೊಡ್ಡದೇನಲ್ಲ. ನೀರನ್ನು ಎತ್ತರದಿಂದ ಬೀಳಿಸಬೇಕು,
ಒಡೆಯಬೇಕು, ಬಯಲ ಗಾಳಿಗೆ ಒಡ್ಡಬೇಕು.
ಟಾಂಕಿಯ ಮೇಲೆ ನಾಲ್ಕು ತೂತಿನ ತಟ್ಟೆ, ಒಂದು ಫ್ಯಾನು.
ಮೆಸ್ಸಿನಲ್ಲಿ ಹಮ್ಮಬ್ಬ ಚಾ ಹೊಯ್ಯುವುದನ್ನು ನೋಡುತ್ತಾ ಕೂತೆ:
ತಲೆಯ ಮೇಲಿನ ಲೋಟದಿಂದ ಸೊಂಟದ ಲೋಟಕ್ಕೆ
ಒಂದು ಗಜ ಕಂದು ದಾರ.
"ಬೋರಿನ ನೀರಿಗೂ ಹೀಗೇ ಮಾಡಬೇಕು" ಅಂದೆ.
"ಮುನ್ನೂರು ಜನಕ್ಕಾ? ನನಗಿರುವುದು ಎರಡೇ ಕೈ ಮಾರಾಯಾ."
ಕುಡಿದದ್ದಕ್ಕಿಂತ ಉಸಿರಲ್ಲಿ ಎಳೆದದ್ದೇ ಹೆಚ್ಚು ಕೇಡು
ಎಂಬುದನ್ನು ಅವನಿಗೆ ಹೇಳಲಿಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಹನ್ನೆರಡು ಶವರು ಒಟ್ಟಿಗೆ.
ಹಬೆಯಲ್ಲಿ ಯಾರ ಮುಖವೂ ಯಾರಿಗೂ ಕಾಣದು.
ಕರೀಂನಗರದ ಯಾದಯ್ಯ ಸೋಪು ಹಚ್ಚಿಕೊಂಡು ಹಾಡುತ್ತಾನೆ;
ಹಾಡುವವನು ಉಸಿರು ಹೆಚ್ಚು ಎಳೆಯುತ್ತಾನೆ.
ಗೋಡೆಯ ಕಿಂಡಿಗೆ, ಧೂಳು ಬಾರದಿರಲೆಂದು
ಯಾರೋ ಎಂದೋ ರಟ್ಟು ಬಡಿದಿದ್ದಾರೆ.
ಫ್ರಿಜ್ಜಿನ ಪೆಟ್ಟಿಗೆಯದು. ಈ ಬದಿ ಮೇಲೆ ಎಂಬ ಬಾಣ
ನೆಲ ತೋರಿಸುತ್ತಿದೆ.

ನನ್ನ ಕರಾರಿನಲ್ಲಿ ಬರೆದಿದೆ: ಅಂಕಿಗಳನ್ನು ಹೊರಗೆ ಆಡುವಂತಿಲ್ಲ.
ರಟ್ಟಿನ ಬಗ್ಗೆ ಏನೂ ಬರೆದಿಲ್ಲ.
ಸ್ಟೂಲು ಹತ್ತಿ, ಸ್ಕ್ರೂಡ್ರೈವರಿನಿಂದ ಮೀಟಿ ಕಿತ್ತೆ.

ಸಂಜೆಗೆ ಶಮಾಲ್ ಗಾಳಿ ಎದ್ದಿತು.
ನೆನೆಸಿಟ್ಟ ಬನಿಯನ್ನು, ಬಾಲ್ದಿ, ಬ್ರಶ್ಶು, ಎಲ್ಲದರ ಮೇಲೂ ಮಣ್ಣು.
ಬರಲಿ. ಅದಾದರೂ ಕಣ್ಣಿಗೆ ಕಾಣುತ್ತದೆ, ಗುಡಿಸಬಹುದು.
ಯಾವನವನು ಕಿತ್ತವನು ಎಂದು ಐದು ಭಾಷೆಗಳಲ್ಲಿ ಬೈದರು.
ಕನ್ನಡದಲ್ಲಿ ಬೈದವನು ನಾನೇ,
ಅನುಮಾನ ಬಾರದಿರಲೆಂದು, ಎಲ್ಲರಿಗಿಂತ ಜೋರಾಗಿ.