ದೀಪ ಓರೆ ಹಿಡಿದಾಗ

ನೆರಳಲ್ಲಿ ನಿಂತ ಕಪ್ಪು ಗಾಡಿ ಸುಳ್ಳು ಹೇಳುತ್ತದೆ.
ಘೋಟಗೆ ಬಾಯಿಗೂ ಹೇಳಿತ್ತು, ವಾಕಡದ ಡೀಲರನ
ತಗಡಿನ ಚಪ್ಪರದಡಿ, ಸಂಜೆ ಆರೂವರೆಗೆ.
ಮರುದಿನ ಪೋಸ್ಟಾಫೀಸಿನ ಮುಂದೆ ಹನ್ನೆರಡರ ಬಿಸಿಲು
ಎಲ್ಲ ಬಾಯಿಬಿಡಿಸಿತು.
"ಇಡೀ ಬಾನೆಟ್ಟಿನ ಮೇಲೆ ಜೇಡ ಸಂಸಾರ ಹೂಡಿದೆಯಲ್ಲೋ"
ಅಂದರು ಮರಾಠಿಯಲ್ಲಿ, ನಾನೇ ಮಾರಿದವನ ಹಾಗೆ ನೋಡುತ್ತ.

ಧಾಯರಿಯ ಗಲ್ಲಿಯಲ್ಲಿ ನನ್ನ ಶೆಡ್ಡು. ಶಟರು ಅರ್ಧ ಎಳೆದು
ಮೊದಲು ತೊಳೆಯುವುದು. ಬಕೆಟ್ಟು ಎರಡು:
ಒಂದು ಸೋಪಿಗೆ, ಒಂದು ಬಟ್ಟೆಯ ಪಾಪ ಕಳೆಯಲಿಕ್ಕೆ.
ಆಮೇಲೆ ಕೈಗೆ ತೆಳ್ಳನೆ ಪ್ಲಾಸ್ಟಿಕ್ ಚೀಲ ತೊಟ್ಟು ಸವರಿದರೆ
ಕಣ್ಣಿಗೆ ಕಾಣದ್ದು ಉಪ್ಪಿನ ಹರಳಾಗಿ ತಾಕುತ್ತದೆ.
ಕಾರ್ಖಾನೆಯ ಕಬ್ಬಿಣದ ಪುಡಿ, ಬ್ರೇಕಿನ ಧೂಳು,
ಯಾವುದೋ ಮರದ ಅಂಟು.
ಜೇಡಿಯ ಉಂಡೆ ಉಜ್ಜಿ ಅದನ್ನೆಲ್ಲ ಎತ್ತಬೇಕು.

ಮೀಟರು ಇಟ್ಟೆ. ನೂರಾ ಹದಿನೆಂಟು. ನೂರಾ ಹನ್ನೆರಡು.
ಎಡಗಡೆ ಹಿಂದಿನ ಬಾಗಿಲಿಗೆ ಮುನ್ನೂರಾ ನಾಲ್ಕು.
ಪೆಟ್ಟು ತಿಂದ ಬಾಗಿಲು. ಮೇಲೆ ಬಣ್ಣ ಹೊದಿಸಿದ್ದಾರೆ.
ಬಾಯಿಗೆ ಹೇಳಬೇಕು.
ದುಡ್ಡು ಕೊಟ್ಟಾಗಿದೆ, ಹೇಳಿ ಏನು?
ಹೇಳುತ್ತೇನೆ. ಕೆಲಸ ಮುಗಿಯಲಿ.

ಮೇಲಿನ ಗಾಜಿನಂಥ ಪದರ ಒಂದು ಕೂದಲಿಗಿಂತ ತೆಳು.
ಎಲ್ಲ ಹೊಳಪೂ ಅದರೊಳಗೇ ಬಾಳಬೇಕು.
ಗೀರನ್ನು ನಾವು ತುಂಬುವುದಿಲ್ಲ, ಜನ ಹಾಗಂದುಕೊಳ್ಳುತ್ತಾರೆ;
ಗೀರಿನ ಸುತ್ತಲಿನದನ್ನು ಗೀರಿನ ಮಟ್ಟಕ್ಕೆ ಇಳಿಸುತ್ತೇವೆ.
ಕಲಿಸಿದ ಇಲಾಹಿ ಉಸ್ತಾದ್ ನಗುತ್ತಿದ್ದ:
"ಸಾಲ ತೀರಿಸೋದಲ್ಲ ಇದು, ಎಲ್ಲರನ್ನೂ ಬಡವರು ಮಾಡೋದು."

ದೀಪ ಓರೆ ಹಿಡಿದೆ. ಸುಳಿ, ಸುಳಿ, ಸುಳಿ.
ಈ ಅಕ್ಷರ ನನಗೆ ಗೊತ್ತು.
ಕೋಥರೂಡಿನ ಒಂದು ಸೊಸೈಟಿ, ಬೆಳಗಿನ ಐದರಿಂದ ಏಳು,
ಮೂವತ್ತು ಗಾಡಿ, ಒಂದೇ ಬಕೆಟ್ಟು,
ಅಪ್ಪನ ಹಳೇ ಬನಿಯನ್ನಿನ ತುಂಡು.
ಆಳಂದದ ಬಸ್ಸಿಳಿದ ಹೊಸತು. ಹದಿನಾಲ್ಕು ವರ್ಷ.
ಹತ್ತನೇ ಗಾಡಿಗೆ ನೀರು ಸಾರಿನ ಬಣ್ಣ;
ಆದರೂ ಗುಂಡಗೆ, ಗುಂಡಗೆ ಒರೆಸುತ್ತಿದ್ದೆ,
ಅವ್ವ ಸಗಣಿ ಸಾರಿಸುವ ಹಾಗೆ.
ಸ್ವಚ್ಛ ಅಂದರೆ ನನಗೆ ಗೊತ್ತಿದ್ದುದು ಅದೊಂದೇ.

ಒಂದು ದಿನ ದಾಟಿ ಹೋಗುವಾಗ ಬಕೆಟ್ಟಿನ ತಂತಿಹಿಡಿಕೆ ತಾಕಿ
ಕಪ್ಪು ಗಾಡಿಯ ಬಾಗಿಲಿಗೆ ಅರ್ಧಚಂದ್ರ.
ತಲೆಯ ಕೊಬ್ಬರಿಎಣ್ಣೆ ಬೆರಳಿಗೆ ತಗೊಂಡು ಸವರಿದೆ.
ಮೂರು ದಿನ ಕಾಣಲಿಲ್ಲ.
ಗಾಡಿ ದಗಡುವಿನ ಸಾಲಿನದು. ಅವನನ್ನೇ ಕಳಿಸಿದರು.
ಅವನ ಹನ್ನೊಂದು ಗಾಡಿಯೂ ನನಗೇ ಬಂದವು.

ಇದು ಆ ಗಾಡಿ ಅಲ್ಲ. ಪಾಸಿಂಗು ನಾಶಿಕದ್ದು.
ಕಾಗದ ಎರಡು ಸಲ ನೋಡಿದೆ.
ಸುಳಿಯೂ ನಿಜವಾಗಿ ಸುಳಿಯಲ್ಲ; ಗೀರುಗಳು
ಹೇಗೆಂದರೆ ಹಾಗೆ, ಕಟ್ಟಿಗೆ ಚೆಲ್ಲಿದ ಹಾಗೆ ಬಿದ್ದಿವೆ.
ದೀಪ ಎಲ್ಲಿ ಹೋದರೆ ಅಲ್ಲಿಗೆ ಬಂದು ಸುತ್ತ ಕೂರುತ್ತವೆ.
ದೀಪ ಹಿಡಿದವನು ನಾನು.

ರಬ್ಬರಿನ ಅಂಚಿಗೆ ಟೇಪು ಹಚ್ಚಿ ಮಷೀನು ಇಳಿಸಿದೆ.
ಅವರೆಕಾಳಿನಷ್ಟು ಕಂಪೌಂಡು, ಅಡ್ಡ, ಉದ್ದ, ಮತ್ತೆ ಅಡ್ಡ.
ಎರಡು ದಿನ. ಭುಜದಲ್ಲಿ ರಾತ್ರಿಯೆಲ್ಲ ಮಷೀನು ತಿರುಗುತ್ತಲೇ ಇತ್ತು.
ಅರ್ಧ ಬಾನೆಟ್ಟು ಮುಗಿದಾಗ ಟೇಪಿನ ಈಚೆ ಧೂಳುಬಿದ್ದ ಗೂಡು,
ಆಚೆ ಬಾವಿ. ಬಾವಿಯಲ್ಲಿ ನನ್ನ ಟ್ಯೂಬ್‌ಲೈಟು, ಪಾತಿ ಬಿದ್ದ ತಗಡು,
ತಗಡಿನ ತೂತಿನಲ್ಲಿ ಒಂದು ಚೂರು ಆಕಾಶ.

ಬಾಯಿ ಬಂದರು. ಬಾಗಿಲಲ್ಲಿ ತಮ್ಮನ್ನು ನೋಡಿ ಅಂಬೋಡೆ ಸರಿಮಾಡಿಕೊಂಡರು.
ಅದೇ ಬಾಗಿಲು. ಮುನ್ನೂರಾ ನಾಲ್ಕು ಅಂದೆ.
ಸುಮ್ಮನೆ ಬೆರಳಿಂದ ತಟ್ಟಿದರು, ಯಾರೋ ಒಳಗಿದ್ದ ಹಾಗೆ.

"ನಿಮ್ಮಲ್ಲಿ ಗಾಡಿ ಒರೆಸೋರು ಯಾರು?"
"ಒಬ್ಬ ಹುಡುಗ ಬರ್ತಾನೆ, ಬೆಳಿಗ್ಗೆ."
ಮೆತ್ತನೆಯ ಬಟ್ಟೆ ನಾಲ್ಕು ಕೊಟ್ಟೆ, ಬಿಲ್ಲಿಗೆ ಬರೆಯದೆ;
ಬಕೆಟ್ಟು ಎರಡು ಇರಲಿ, ಅಂದೆ.
ಹುಡುಗನ ಹೆಸರು ಕೇಳಿದೆ.
ಬಾಯಿಗೆ ಗೊತ್ತಿರಲಿಲ್ಲ.