ಪ್ರೂಫು ತಿದ್ದುವಾಗ

ಕೋಡಿಬಾಗ ರಸ್ತೆಯ ಪ್ರೆಸ್ಸಿನಲ್ಲಿ ನನಗಿದು ಹನ್ನೊಂದನೇ ವರ್ಷ.
ಮದುವೆ ಕಾಗದ, ಮೀನುಗಾರರ ಸೊಸೈಟಿಯ ರಸೀದಿ ಬುಕ್ಕು,
ಏನು ಕೊಟ್ಟರೂ ಜೋಡಿಸುತ್ತೇನೆ, ಅರ್ಥ ಕೇಳುವುದಿಲ್ಲ.
ಇಂಗ್ಲಿಷ್ ಕಾರ್ಡಿನ ಬುಡದಲ್ಲಿ ಆರ್ ಎಸ್ ವಿ ಪಿ ಅಂತ
ಎಷ್ಟು ಸಾವಿರ ಸಲ ಹಾಕಿದೆನೋ,
ಕೆಳಗೆ ಫೋನ್ ನಂಬರು ಇರುತ್ತಿತ್ತಲ್ಲ,
ಯಾರೋ ಸೋದರಮಾವನ ಇನಿಶಿಯಲ್ಲು ಅಂದುಕೊಂಡಿದ್ದೆ.

ಮೊನ್ನೆ ಸುಂಕೇರಿಯ ಜೆರ್ವಾಸ್ ಬಂದ.
ತಾಯಿ ಹೋಗಿ ವರ್ಷವಾಯಿತು, ನೂರು ಕಾರ್ಡು ಬೇಕು.
ಕ್ಲೆಮೆಂತಿನಾ ಕುತಿನ್ಹೊ, ನೀ ಬಾರೆಟ್ಟೊ.
ನಮ್ಮ ನೀ ಇಂಗ್ಲಿಷಿನೊಳಗೆ ನುಸುಳಿದೆಯೆಂದು
ನಾನು ತೆಗೆದುಹಾಕಿದೆ.
ಅವನು ಕೆಂಪು ಪೆನ್ನಿನಲ್ಲಿ ವಾಪಸು ಕೂರಿಸಿದ.
‘ಅದು ಫ್ರೆಂಚು ಬಾಯಿ, ನೇ ಅನ್ನಬೇಕು.
ಇಂಗ್ಲಿಷಿನವರು ಕಡ ತಂದದ್ದು, ತಿರುಗಿ ಕೊಟ್ಟಿಲ್ಲ.
ಹುಟ್ಟಿದ್ದು ಅಂತ ಅರ್ಥ.
ಮಾಂಯ್ ಹುಟ್ಟಿದ್ದು ಬಾರೆಟ್ಟೊ.’

ಮೂರಕ್ಷರ, ಒಂದರ ನೆತ್ತಿಗೆ ಗೀಟು,
ಹುಬ್ಬು ಹಾರಿಸಿದ ಹಾಗೆ.
ಅಷ್ಟರೊಳಗೆ ಒಂದು ತವರು ಹಿಡಿಸಿತಲ್ಲ!

ನಮ್ಮ ಮನೆಗೂ ಹಡಗಿನ ಮಾತು ಬಂದಿದ್ದವು,
ಜನೇಲು, ಚಾವಿ, ಸಾಬೂನು, ಬಟಾಟೆ,
ತಿಂಗಳ ಕೊನೆಗೆ ಪಗಾರ.
ಇದೊಂದು ಬರಲಿಲ್ಲ.
ಮದುವೆ ದಿನ ಹರಿವಾಣದ ಅಕ್ಕಿಯಲ್ಲಿ
ಉಂಗುರ ಹಿಡಿದು ಅಪ್ಪ ಬರೆದದ್ದು: ಶೈಲಜಾ.
ಮರುದಿನ ಆ ಅಕ್ಕಿ ಅನ್ನವಾಗಿರಬೇಕು.
ಅವಳೂ ಉಂಡಿರಬೇಕು.

ಸಂಜೆ ಅವ್ವ ತಿಸರೆ ಬಿಡಿಸುತ್ತಿದ್ದಳು.
ಮೊದಲು ನಿನ್ನ ಹೆಸರೇನಿತ್ತು, ಕೇಳಿದೆ.
‘ಆತಾ ಕಿತ್ಯಾಕ ಗೋ?’
ಕತ್ತಿ ನಿಲ್ಲಲಿಲ್ಲ. ಚಿಪ್ಪು ಬೀಳುತ್ತಲೇ ಇತ್ತು.
ಬುಟ್ಟಿಯ ತಳ ಕಾಣುವ ಹೊತ್ತಿಗೆ, ನನಗಲ್ಲ,
ಬುಟ್ಟಿಗೇ ಎಂಬಂತೆ:
‘ದ್ವಾರಕಿ. ಸದಾಶಿವಗಡದಲ್ಲಿ.
ಆಗ ಸೇತುವೆ ಎಲ್ಲಿತ್ತು, ತರಿಯಲ್ಲಿ ದಾಟಿದ್ದು.
ಪೆಟ್ಟಿಗೆ ಬಂತು. ಅದು ಆ ದಂಡೆಯಲ್ಲೇ.’

ಇವತ್ತು ಜೆರ್ವಾಸನ ಕಾರ್ಡು ಕತ್ತರಿಸಿ
ಉಳಿದ ದಪ್ಪ ಕಾಗದದ ಪಟ್ಟಿಯಲ್ಲಿ
ಹದಿನೆಂಟು ಪಾಯಿಂಟಿನ ಕನ್ನಡದಲ್ಲಿ ಹೊಡೆದು ತಂದೆ:
ಶೈಲಜಾ, ನೀ ದ್ವಾರಕಿ.

ಫ್ರೆಂಚು ಗಿಂಚು ವಿವರಿಸಲು ಬಾಯಿ ತೆರೆದೆ.
ಅವಳು ಕನ್ನಡಕ ಹುಡುಕಿ,
ನಮ್ಮ ನೀ-ಯನ್ನು ಓದುವ ಹಾಗೇ ಓದಿದಳು.
‘ಹೌದು ಮತ್ತೆ, ನಾನೇ.’
ಕಾಗದಕ್ಕೆ ದುಡ್ಡು ಕೊಟ್ಟೆಯಾ, ಎಂದಳು.
ರೇಷನ್ ಕಾರ್ಡಿನ ಪ್ಲಾಸ್ಟಿಕ್ಕು ಬಿಡಿಸಿ
ಮನೆಯ ಯಜಮಾನನ ಫೋಟೋದ ಹಿಂದೆ ಸೇರಿಸಿಟ್ಟಳು.