ಹಳದಿ ಯಾವುದು ಹೇಳವ್ವ

ತಿಪ್ಪೇಶಿ ಮಾವನ ಸೈಕಲ್ಲಿನ ಕ್ಯಾರಿಯರಿನಲ್ಲಿ ನಾನು,
ತೊಡೆಯ ಮೇಲೆ ಸೋಲ್ಡರಿನ ವಾಸನೆಯ ಚೀಲ.
ಅರಳಿಮರ ಸರ್ಕಲ್ ದಾಟಿ ಬೇತೂರು ರಸ್ತೆ ಹಿಡಿದು
ಮಂಡಕ್ಕಿ ಭಟ್ಟಿಗಳ ಸಾಲಿಗೆ ತಿರುಗಿದರೆ
ಹೊಗೆ ಮೊದಲು, ಮನೆ ಆಮೇಲೆ.
"ಟಿವಿ ರಿಪೇರಿಗೆ ಹುಡುಗಿ ಯಾಕಪ್ಪಾ?" ಎಂದವರಿಗೆ
"ಸ್ಕ್ರೂ ಹಿಡ್ಕೊಳ್ಳಾಕೆ" ಅನ್ನುತ್ತಿದ್ದ.

ಜುಲೇಖಾ ಆಪಾನ ಮನೆಯಲ್ಲಿ
ಕ್ರೋಶೆಯ ಮುಸುಕು ಹೊದ್ದ ಹತ್ತು ವರ್ಷದ ಡಬ್ಬಾ ಟಿವಿ.
ಪಕ್ಕದಲ್ಲಿ ಚೀಟಿಯ ಲಕ್ಕಿ ಡ್ರಾದಲ್ಲಿ ಬಂದ ಡಿವಿಡಿ ಪ್ಲೇಯರು,
ಮೈಮೇಲಿನ ಪ್ಲಾಸ್ಟಿಕ್ಕು ಇನ್ನೂ ಕಿತ್ತಿಲ್ಲ.
ತಂಗಿ ಶಾಹೀನಳ ನಿಕಾಹ್ ಡಿಸ್ಕು ಹಾಕಿದರೆ
ಮದುಮಗಳು ಕಪ್ಪುಬಿಳುಪು,
ಮೇಲಿಂದ ಕೆಳಕ್ಕೆ ಉರುಳಿ ಉರುಳಿ
ಬಿರಿಯಾನಿ ಹಂಡೆಯೊಳಗೆ ಹೋಗುತ್ತಿದ್ದಳು.

"ಆರು ಸಾವಿರದ ಸೀರೆ! ಬಣ್ಣ ಎಲ್ಲೋಯ್ತು?"

"ಪ್ಲೇಯರು ಪರದೇಶದ ಲೆಕ್ಕದಾಗೆ ಮಾತಾಡ್ತೈತೆ,
ನಿಮ್ಮ ಟಿವಿಗೆ ನಮ್ಮ ಲೆಕ್ಕ ಮಾತ್ರ ಗೊತ್ತು" ಎಂದ ಮಾವ
ಉರುಳುವ ಮೆನುವಿನೆದುರು
ಓಡುವ ಬಸ್ಸು ಹತ್ತುವವನಂತೆ ಕಾದು, ಹಾರಿ,
ಎನ್‌ಟಿಎಸ್‌ಸಿಯನ್ನು ಪಾಲ್ ಮಾಡಿದ.
ಉರುಳಾಟ ನಿಂತಿತು.
ಬಣ್ಣ ಬರಲಿಲ್ಲ.

ಆಮೇಲೆ ಗೋಡೆಗೂ ಟಿವಿಗೂ ನಡುವಿನ ಧೂಳಿನಲ್ಲಿ
ನಾವಿಬ್ಬರೇ. ಟಾರ್ಚು ನನ್ನ ಕೈಯಲ್ಲಿ.
ಪ್ಲೇಯರಿನ ಬೆನ್ನಿಗೆ ಆರು ತೂತು.
"ಹಳದಿ ವೈರು ಎಲ್ಲಿ ಚುಚ್ಚೈತೆ ಹೇಳವ್ವ", ಪಿಸುಮಾತು.
"ಹಸಿರಿನಾಗೆ."
"ಕೆಂಪಿನಾಗಲ್ಲ ತಾನೆ?"
"ಹಸಿರು ಮಾವ. ನೋಡು, ಕೊತ್ತಂಬ್ರಿ ಸೊಪ್ಪಿನಂಗೆ."
ಮಾವ ನೋಡಿದ. ನೋಡುತ್ತಲೇ ಇದ್ದ.
ಹಣ್ಣು ಮೆಣಸಿನಕಾಯಿ, ಹಸಿ ಮೆಣಸಿನಕಾಯಿ
ಬೇರೆ ಬೇರೆಯೆಂದು ಅವನಿಗೆ ಹೇಳುವುದು ನಾಲಿಗೆ ಮಾತ್ರ.
ಅತ್ತೆಗೂ ನನಗೂ ಬಿಟ್ಟರೆ
ಇಡೀ ದಾವಣಗೆರೆಯಲ್ಲಿ ಯಾರಿಗೂ ತಿಳಿಯದು.

ಹಳದಿಯಿಂದ ಹಳದಿಗೆ ಚುಚ್ಚಿದೆವು. ಬಂತು ಬಣ್ಣ.
ಬಂದರೂ ಎಡ ಮೂಲೆಯಲ್ಲಿ ಖಾಜಿ ಸಾಹೇಬರ ಗಡ್ಡ
ಅವರು ಈಗಷ್ಟೇ ನೇರಳೆ ಹಣ್ಣು ತಿಂದ ಹಾಗೆ.
ನಾನು ಕಿವಿಯಲ್ಲಿ ಹೇಳಿದೆ.
"ಸ್ಪೀಕರ್ ಯಾರು ಇಲ್ಲಿ ಒತ್ತಿಟ್ಟೋರು?
ಅದರಾಗಿನ ಅಯಸ್ಕಾಂತ ಬಣ್ಣ ಎಳೀತೈತೆ."
ಸ್ಪೀಕರು ಕಪಾಟಿನ ಮೇಲೆ ಹೋಯಿತು,
ಟಿವಿ ಅರ್ಧ ಗಂಟೆ ಮಲಗಿತು, ನಮಗೆ ಚಾ.
ಮತ್ತೆ ಸ್ವಿಚ್ಚು ಹಾಕಿದಾಗ
ಒಳಗೆಲ್ಲೋ ಡುಂಯ್ ಎಂದು ನಡುಗಿ ಕಲೆ ಬಿಟ್ಟಿತು.

ಕೊನೆಗೆ ಬಣ್ಣದ ಪಟ್ಟಿ ಏರಿಸಿ ಇಳಿಸುವಾಗ
ಮಾವ ಪರದೆಗೆ ಬೆನ್ನು ಹಾಕಿ ಕುಂತ.
ರಿಮೋಟನ್ನು ಭುಜದ ಮೇಲಿಂದ ಹಿಂದಕ್ಕೆ ಹಿಡಿದು
ನೋಡುವವರ ಮುಖ ನೋಡಿದ.
ಆಪಾನ ಹುಬ್ಬು ಗಂಟಾದರೆ ಒಂದು ಗೆರೆ ಕಡಿಮೆ,
ಭಟ್ಟಿ ಹುಡುಗರು ತುಟಿ ಹಿಂಡಿದರೆ ಒಂದು ಗೆರೆ ಹೆಚ್ಚು.
ಎಲ್ಲರ ಹಣೆಯೂ ಒಟ್ಟಿಗೆ ಸಡಿಲವಾದ ಕಡೆ
ಬೆರಳು ತೆಗೆದ.
"ಅದೇ! ಅದೇ ಕೆಂಪು!" ಆಪಾ ಚಪ್ಪಾಳೆ ತಟ್ಟಿದಳು.
"ಭಾಳ ಚಲೋ ಕೆಂಪು" ಅಂದ ಮಾವ,
ತಿರುಗದೆ.

ಕೂಲಿ ಎಪ್ಪತ್ತು ರೂಪಾಯಿ, ಮೇಲೊಂದು ಚೀಲ ಬಿಸಿ ಮಂಡಕ್ಕಿ,
ತೊಡೆಯ ಮೇಲೆ ಬೆಕ್ಕಿನ ಮರಿಯಂತೆ ಬೆಚ್ಚಗೆ.
ಅಶೋಕ ರಸ್ತೆಯ ರೈಲ್ವೆ ಗೇಟು ಎಂದಿನಂತೆ ಬಿದ್ದಿತ್ತು.
"ಹೆಂಗಿತ್ತು ಸೀರೆ?" ಕೇಳಿದ.
ಕೆಂಪು ಅಂದರೆ ಏನೂ ಹೇಳಿದಂತಲ್ಲ.
ಬಂದದ್ದು ಗೂಡ್ಸು, ಉದ್ದಾನುದ್ದ,
ಅದು ಮುಗಿಯುವತನಕ ಯೋಚಿಸಿದೆ.
"ಭಟ್ಟಿಯ ಮರಳಿನಂಗೆ ಮಾವ,
ಮುಟ್ಟೋಕೆ ಮುಂಚೇನೇ ಕೈ ಹಿಂದಕ್ಕೆ ಬರ್ತೈತಲ್ಲ, ಹಂಗೆ."
ಮಾವ ಒಂದು ಮುಷ್ಟಿ ಮಂಡಕ್ಕಿ ಬಾಯಿಗೆ ಹಾಕಿಕೊಂಡ.
"ಹಂಗಾದ್ರೆ ಆರು ಸಾವಿರ ಜಾಸ್ತಿ ಅಲ್ಲ ಬಿಡು" ಎಂದು
ಪೆಡಲು ತುಳಿದ.